ಕೈಯಾರೆ ಮಾಡಿದ ಶುಭಾಶಯ

ಹವ್ಯಾಸವೆಂಬುದು ಬಿಡುವಿದ್ದವರ ವಿಲಾಸವೆಂದು ಭಾವಿಸುವವರುಂಟು. ಆದರೆ ಹುಟ್ಟೂರನ್ನು ಬಿಟ್ಟು ಮಹಾನಗರದಲ್ಲಿ ನೆಲೆಸಿದವರ ಬಾಳಿನಲ್ಲಿ ಅದು ಎಷ್ಟೋ ಸಲ ನಿತ್ಯದ ಅಗತ್ಯವೇ ಆಗಿಬಿಡುತ್ತದೆ. ಈ ಮಾತಿಗೆ ನಿದರ್ಶನವಾಗಿ ಚೆನ್ನೈಯ ವೇಲಚೇರಿಯಲ್ಲಿ, ದಂಡೀಶ್ವರರ ಪುರಾತನ ದೇವಾಲಯದಿಂದ ಅನತಿ ದೂರದಲ್ಲಿ ವಾಸಿಸುತ್ತಿರುವ ಕನ್ನಡ ಗೃಹಿಣಿಯೊಬ್ಬರ ದಿನಚರಿಯನ್ನು ನೋಡಬಹುದು. ಅರವತ್ತು ದಾಟಿದ ಇವರು ಧಾರವಾಡದಲ್ಲಿ ಹುಟ್ಟಿ ಬೆಳೆದವರು. ಮದುವೆಯಾಗಿ ಈ ನಗರಕ್ಕೆ ಬಂದಾಗ ಇದಕ್ಕೆ ಮದರಾಸು ಎಂಬ ಹೆಸರಿತ್ತು. ಶುಭಾಶಯದ ಕಾರ್ಡುಗಳನ್ನು ಕೈಯಾರೆ ತಯಾರಿಸಿ ಬಂಧುಮಿತ್ರರಿಗೆ ಅಂಚೆಯಲ್ಲಿ ಕಳುಹಿಸುವುದು ಇವರ ಹವ್ಯಾಸ. ಹೆಸರನ್ನು ಅಚ್ಚಿನಲ್ಲಿ ಕಾಣುವ ಆಸೆ ಅವರಿಗಿಲ್ಲ. ನೆರೆಯ ತಮಿಳು ಮಕ್ಕಳ ಬಾಯಲ್ಲಿ ಅವರು 'ಕಾರ್ಡ್ ಮಾಮಿ'. ಅಷ್ಟೇ ಸಾಕು.

ಕಾರ್ಡು ಕಳುಹಿಸುವ ಪದ್ಧತಿ ನಮ್ಮ ನಾಡಿನದಲ್ಲ, ನಿಜ. ಲಂಡನ್ನಿನಲ್ಲಿ ಹೆನ್ರಿ ಕೋಲ್ ಎಂಬಾತ 1843ರಲ್ಲಿ ಕ್ರಿಸ್‌ಮಸ್ ಹಬ್ಬಕ್ಕೆಂದು ಚಿತ್ರಕಾರನೊಬ್ಬನಿಂದ ಚಿತ್ರ ಬರೆಯಿಸಿ ಕಾರ್ಡನ್ನು ಮುದ್ರಿಸಿದ. ಬರೆಯಬೇಕಾದ ಪತ್ರಗಳು ಹೆಚ್ಚಾಗಿ, ಸಮಯ ಸಾಲದಾದಾಗ ಅವನಿಗೆ ಹೊಳೆದ ಉಪಾಯವದು. ಭಾರತದಲ್ಲಿ ಅಂಚೆ ಕಾರ್ಡು ಬಳಕೆಗೆ ಬಂದದ್ದು 1879ರಲ್ಲಿ. ಆದರೆ ಒಳ್ಳೆಯದನ್ನು ಹಾರೈಸಿ ಕೈಗೆ ಏನಾದರೊಂದನ್ನು ಕೊಡುವ ಪದ್ಧತಿ ನಮಗೆ ಹೊಸದೇನಲ್ಲ. ಸಂಕ್ರಾಂತಿಗೆ ಎಳ್ಳು ಬೀರುತ್ತೇವೆ. ಉತ್ತರ ಕರ್ನಾಟಕದಲ್ಲಿ ವಿಜಯದಶಮಿಯಂದು ಬನ್ನಿಯ ಎಲೆಗಳನ್ನು ಬಂಗಾರವೆಂದು ಕೊಟ್ಟು ಹಿರಿಯರ ಪಾದ ಮುಟ್ಟುತ್ತಾರೆ. ಈ ಮಹಿಳೆಯ ಮೊದಲ ಕಾರ್ಡು ಹುಟ್ಟಿದ್ದೂ ಆ ಬನ್ನಿಯಿಂದಲೇ. 1989ರ ದಸರೆಗೆ ಊರಿಗೆ ಹೋಗಲಾಗಲಿಲ್ಲ. ಅದೇ ಮರವನ್ನು ತಮಿಳರು 'ವನ್ನಿ' ಎಂದು ಕರೆದು ಶಿವಾಲಯಗಳಲ್ಲಿ ಪೂಜಿಸುವರೆಂದು ತಿಳಿದು, ಮರದಡಿ ಉದುರಿದ್ದ ಎಲೆಗಳನ್ನು ಆಯ್ದು ತಂದರು. ಅವನ್ನು ಪುಸ್ತಕದ ನಡುವೆ ಒಣಗಿಸಿ, ಮಡಿಸಿದ ಕಾಗದಕ್ಕೆ ಅಂಟಿಸಿ, ಧಾರವಾಡದ ಅಕ್ಕನಿಗೆ ಕಳುಹಿಸಿದರು.

ಜಮಾ ಖರ್ಚಿನ ಪುಸ್ತಕ

ಬೆಳಗಿನ ಕೆಲಸಗಳು ಮುಗಿದ ಮೇಲೆ ಹತ್ತರಿಂದ ಹನ್ನೆರಡರವರೆಗೆ ಅವರು ಕಿಟಕಿಯ ಬಳಿಯ ಮೇಜಿನ ಮುಂದೆ ಕುಳಿತುಕೊಳ್ಳುತ್ತಾರೆ. ಮೊದಲು ತೆರೆಯುವುದು ಉದ್ದನೆಯ ಖಾತೆ ಪುಸ್ತಕವೊಂದನ್ನು. ಅದರ ಎಡಪುಟದಲ್ಲಿ ಕಳುಹಿಸಿದ ಕಾರ್ಡುಗಳ ವಿವರ, ಬಲಪುಟದಲ್ಲಿ ಬಂದವುಗಳದ್ದು. ಯಾರ ಹುಟ್ಟಿದ ದಿನ ಎಂದು, ಯಾರ ಗೃಹಪ್ರವೇಶ ಎಂದು ಎಲ್ಲವೂ ತಿಂಗಳುವಾರು ಅಲ್ಲಿವೆ. ಸಾವು ಸಂಭವಿಸಿದ ಮನೆಗಳಿಗೂ ಒಂದು ಪಟ್ಟಿಯುಂಟು. ವರ್ಷ ತುಂಬುವ ದಿನಕ್ಕೆ ಸರಿಯಾಗಿ ಬಣ್ಣವಿಲ್ಲದ ಬಿಳಿಯ ಕಾರ್ಡೊಂದು ಆ ಮನೆಗಳಿಗೆ ತಲಪುತ್ತದೆ. ಮೊದಲ ಹನ್ನೊಂದು ದಿನ ಎಲ್ಲರೂ ಬರುತ್ತಾರೆ, ವರ್ಷಾಂತದ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ ಎಂಬುದು ಅವರ ಅನುಭವದ ಮಾತು.

ಕೆಲಸದಲ್ಲಿ ಲೆಕ್ಕಾಚಾರವೂ ಇದೆ. ಎ-4 ಹಾಳೆಯನ್ನು ಎರಡಾಗಿ ಕತ್ತರಿಸಿ, ಪ್ರತಿಯೊಂದನ್ನು ನಡುವೆ ಮಡಿಸಿದರೆ ಎರಡು ಕಾರ್ಡುಗಳಾಗುತ್ತವೆ. ಚದರ ಮೀಟರಿಗೆ 250 ಗ್ರಾಂ ತೂಗುವ ಕಾಗದವಾದರೆ ಒಂದು ಕಾರ್ಡಿನ ತೂಕ ಸುಮಾರು 8 ಗ್ರಾಂ. ಲಕೋಟೆಯ ನಾಲ್ಕೈದು ಗ್ರಾಂ ಸೇರಿಸಿದರೂ, ಸಾಮಾನ್ಯ ಅಂಚೆಯ ಮೊದಲ ಹಂತವಾದ 20 ಗ್ರಾಮಿನೊಳಗೆ ಎಲೆ, ದಾರ, ಬಟ್ಟೆಯ ತುಂಡುಗಳಿಗೆ ಇನ್ನೂ ಆರೇಳು ಗ್ರಾಮಿನ ಅವಕಾಶ ಉಳಿಯುತ್ತದೆ. ಕಾಗದಕ್ಕೂ ಮರದಂತೆ ಎಳೆಯ ದಿಕ್ಕಿದೆ. ಎಳೆಯ ಗುಂಟ ಮಡಿಸಿದರೆ ಮಡಿಕೆ ನೇರವಾಗಿ ಕೂರುತ್ತದೆ. ಅಡ್ಡಲಾಗಿ ಮಡಿಸಿದರೆ ಬಿರಿಯುತ್ತದೆ. ಮಡಿಕೆಯನ್ನು ತೀಡಲು ಅವರು ಬಳಸುವುದು ಊಟದ ಚಮಚದ ಬೆನ್ನನ್ನು.

ಅವರ ಕಾರ್ಡುಗಳ ವೈಶಿಷ್ಟ್ಯ ಕಸೂತಿ. ಧಾರವಾಡದ ಸೀರೆಗಳ ಮೇಲಿನ ಗೋಪುರ, ತೇರು, ಆನೆ, ತುಳಸಿಕಟ್ಟೆಗಳನ್ನು ಅವರು ಕಾಗದದ ಮೇಲೆ ಹೊಲಿಯುತ್ತಾರೆ. ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕು ಬಗೆಯ ಹೊಲಿಗೆಗಳಲ್ಲಿ ಕಾರ್ಡಿಗೆ ಹೊಂದುವುದು ಗವಂತಿಯೆಂದು ಅವರ ಅಭಿಪ್ರಾಯ. ಹೋಗುವಾಗ ಒಂದು ಬಿಟ್ಟು ಒಂದು ಹೊಲಿದು, ಬರುವಾಗ ಬಿಟ್ಟ ಜಾಗವನ್ನು ತುಂಬುವುದು ಇದರ ರೀತಿ. ಗಂಟು ಹಾಕುವಂತಿಲ್ಲ, ಮುಂಬದಿ ಹಿಂಬದಿ ಎರಡೂ ಒಂದೇ ತೆರನಾಗಿ ಕಾಣಬೇಕು. ಚೌಕುಳಿ ಕಾಗದವನ್ನು ಮೇಲಿಟ್ಟು ಸೂಜಿಯಿಂದ ಮೊದಲೇ ತೂತುಗಳನ್ನು ಚುಚ್ಚಿಕೊಂಡು, ಆಮೇಲೆ ದಾರ ಕೋಯುತ್ತಾರೆ. ಬಟ್ಟೆಯ ಮೇಲೆ ತಪ್ಪಿದರೆ ಬಿಚ್ಚಬಹುದು. ಕಾಗದದಲ್ಲಿ ಚುಚ್ಚಿದ ತೂತು ಹಾಗೆಯೇ ಉಳಿಯುತ್ತದೆ.

ಕಾಗದಕ್ಕಾಗಿ ತಿರುಗಾಟ

ಮೇಜಿನ ಮುಂದೆ ಕೂರುವ ಈ ಹವ್ಯಾಸವೇ ಅವರನ್ನು ಮನೆಯಿಂದ ಹೊರಗೂ ಎಳೆಯುತ್ತದೆ. ತಿಂಗಳಿಗೊಮ್ಮೆ, 2007ರಲ್ಲಿ ವೇಲಚೇರಿಯವರೆಗೆ ಬಂದ ಮೇಲ್ಸೇತುವೆಯ ರೈಲನ್ನು ಹಿಡಿದು ಬೀಚ್ ನಿಲ್ದಾಣದಲ್ಲಿಳಿದು, ಪ್ಯಾರಿಸ್ ಕಡೆಯ ಆಂಡರ್ಸನ್ ಬೀದಿಗೆ ಹೋಗುತ್ತಾರೆ. ಕಾಗದದ ಮತ್ತು ಲಗ್ನಪತ್ರಿಕೆಗಳ ಅಂಗಡಿಗಳಿಗೆ ಆ ಬೀದಿ ಹೆಸರಾಗಿದೆ. ಲಗ್ನಪತ್ರಿಕೆ ಕತ್ತರಿಸಿ ಉಳಿದ ಅಂಚುಗಳನ್ನು ಅಲ್ಲಿನ ಪರಿಚಿತ ವ್ಯಾಪಾರಿಯೊಬ್ಬರು ಇವರಿಗಾಗಿ ತೆಗೆದಿಟ್ಟಿರುತ್ತಾರೆ.

ಚಳಿಗಾಲದ ಭಾನುವಾರಗಳಲ್ಲಿ ಪತಿಯೊಡನೆ ಪಳ್ಳಿಕರಣೆಯ ಜೌಗು ಪ್ರದೇಶದ ಅಂಚಿಗೆ ಹೋಗಿ ರಾಜಹಂಸ ಮತ್ತು ಹೆಜ್ಜಾರ್ಲೆಗಳನ್ನು ನೋಡಿ, ಅವುಗಳ ಕತ್ತಿನ ಬಳುಕನ್ನು ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಈ ಜೌಗು 2022ರಲ್ಲಿ ಅಂತರರಾಷ್ಟ್ರೀಯ ಮಹತ್ತ್ವದ ರಾಮ್ಸಾರ್ ಪಟ್ಟಿಗೆ ಸೇರಿತು. ಪೂರ್ವ ಕರಾವಳಿ ರಸ್ತೆಯಲ್ಲಿ ಮುಂದೆ ಸಾಗಿದರೆ ಮುಟ್ಟುಕಾಡಿನಲ್ಲಿ 1996ರಲ್ಲಿ ಆರಂಭವಾದ ದಕ್ಷಿಣಚಿತ್ರವಿದೆ. ದಕ್ಷಿಣದ ನಾಡುಗಳ ಹಳೆಯ ಮನೆಗಳನ್ನು ಅಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಇಳಕಲ್ಲಿನ ನೇಕಾರರ ಮನೆಯೂ ಅವುಗಳಲ್ಲೊಂದು. ಆ ಮನೆಯ ಕಟ್ಟೆಯ ಮೇಲೆ ಅರ್ಧ ಗಂಟೆ ಸುಮ್ಮನೆ ಕುಳಿತು ಬಂದರೆ ಒಂದು ವಾರದ ಊರಿನ ಹಂಬಲ ತೀರುತ್ತದಂತೆ. ವರ್ಷಕ್ಕೊಮ್ಮೆ ಅದೇ ರಸ್ತೆಯಲ್ಲಿ ಸುಮಾರು 150 ಕಿಲೋಮೀಟರ್ ದೂರದ ಪುದುಚೇರಿಗೂ ಹೋಗಿ, ಅರವಿಂದಾಶ್ರಮದ ಕೈಕಾಗದವನ್ನು ಕೊಂಡು ತರುವುದುಂಟು.

ನೀರು ಬಂದ ರಾತ್ರಿ

2015ರ ಡಿಸೆಂಬರ್ 1ರಂದು ಚೆನ್ನೈಯಲ್ಲಿ ಸುರಿದ ಮಳೆಯನ್ನು ಈ ನಗರದ ಕನ್ನಡಿಗರು ಮರೆಯಲಾರರು. ಕೆರೆಯೂ ಜೌಗೂ ಇದ್ದ ತಗ್ಗಿನಲ್ಲಿ ಬೆಳೆದ ವೇಲಚೇರಿಯ ಬೀದಿಗಳಲ್ಲಿ ದೋಣಿಗಳು ಓಡಾಡಿದವು. ಈ ದಂಪತಿಗಳದು ನೆಲ ಅಂತಸ್ತಿನ ಮನೆ. ರಾತ್ರಿ ನೀರು ಹೊಸಿಲು ದಾಟಿದಾಗ ಮನೆಯ ಪತ್ರಗಳು, ಔಷಧಿ, ದೇವರ ಪೆಟ್ಟಿಗೆ ಇವಿಷ್ಟನ್ನೇ ಹಿಡಿದು ಮೇಲಂತಸ್ತಿನ ತಮಿಳು ಕುಟುಂಬದವರಲ್ಲಿ ಆಶ್ರಯ ಪಡೆದರು. ನಾಲ್ಕು ದಿನ ಆ ಮನೆಯವರು ತಮ್ಮ ಅಕ್ಕಿಯನ್ನೇ ಬೇಯಿಸಿ ಇವರಿಗೂ ಬಡಿಸಿದರು.

ನೀರಿಳಿದ ಮೇಲೆ ನೋಡಿದರೆ, ಮಂಚದಡಿಯ ಮೂರು ಪೆಟ್ಟಿಗೆಗಳಲ್ಲಿದ್ದ ಕಾರ್ಡುಗಳು ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದವು. ಇಪ್ಪತ್ತಾರು ವರ್ಷಗಳಲ್ಲಿ ಬಂದ ಉತ್ತರಗಳವು. ತೀರಿಕೊಂಡ ತಾಯಿಯ ಕೈಬರಹವೂ ಅವುಗಳಲ್ಲಿತ್ತು. ಬಿಡಿಸಲು ಹೋದಷ್ಟೂ ಹರಿಯುತ್ತಿದ್ದವು. ಮೂರನೆಯ ದಿನ ಬೂಷ್ಟು ಹಿಡಿಯಿತು. ಕೊನೆಗೆ ಪತಿಯೇ ಅವನ್ನು ಬೀದಿಯ ಕಸದ ರಾಶಿಗೆ ಹಾಕಿ ಬಂದರು. ದೇವರ ಪೆಟ್ಟಿಗೆಯೊಳಗಿದ್ದ ಖಾತೆ ಪುಸ್ತಕವೊಂದೇ ಉಳಿಯಿತು. ಆದರೆ ಮುಂದಿನ ಹತ್ತು ತಿಂಗಳು ಅವರು ಅದನ್ನು ತೆರೆಯಲಿಲ್ಲ. ಯಾರ ಹುಟ್ಟುಹಬ್ಬಕ್ಕೂ ಕಾರ್ಡು ಹೋಗಲಿಲ್ಲ.

ಧಾರವಾಡದ ದಾರಿ

2016ರ ದಸರೆಗೆ ಪತಿ ಅವರನ್ನು ಒತ್ತಾಯಿಸಿ ಕಾರಿನಲ್ಲಿ ಊರಿಗೆ ಹೊರಡಿಸಿದರು. ಚೆನ್ನೈಯಿಂದ ಧಾರವಾಡಕ್ಕೆ ಸುಮಾರು 780 ಕಿಲೋಮೀಟರ್. ವೇಲೂರು, ಆಂಬೂರು, ಕೃಷ್ಣಗಿರಿಗಳನ್ನು ದಾಟಿ ಬೆಂಗಳೂರಿನಲ್ಲಿ ರಾತ್ರಿ ತಂಗಿ, ಮರುದಿನ ತುಮಕೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿಗಳ ಮೂಲಕ ಪ್ರಯಾಣ. ದಿಲ್ಲಿಯಿಂದ ಹೊರಟು ಧಾರವಾಡವನ್ನು ಹಾದು ಬರುವ 48ನೆಯ ರಾಷ್ಟ್ರೀಯ ಹೆದ್ದಾರಿ ಕೊನೆಗೊಳ್ಳುವುದು ಚೆನ್ನೈಯಲ್ಲಿಯೇ. ತವರಿಗೂ ತಮ್ಮ ಊರಿಗೂ ನಡುವೆ ಇರುವುದು ಒಂದೇ ದಾರಿಯೆಂಬುದನ್ನು ಅವರು ಅಂದು ಮೊದಲ ಬಾರಿಗೆ ಗಮನಿಸಿದರು.

ಬನ್ನಿ ಕೊಟ್ಟು ನಮಸ್ಕರಿಸಿದ ಮೇಲೆ ಅಕ್ಕ ಒಳಗಿನಿಂದ ತಗಡಿನ ಟ್ರಂಕೊಂದನ್ನು ತಂದು ಮುಂದಿಟ್ಟರು. ಅದರೊಳಗೆ, ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿ, 1989ರಿಂದ ತಂಗಿ ಕಳುಹಿಸಿದ ಎಂಬತ್ತಕ್ಕೂ ಹೆಚ್ಚು ಕಾರ್ಡುಗಳಿದ್ದವು. ಎಲ್ಲಕ್ಕಿಂತ ಕೆಳಗೆ ಮೊದಲ ಕಾರ್ಡು. ಬನ್ನಿಯ ಎಲೆ ಕಂದಾಗಿತ್ತು, ಉದುರಿರಲಿಲ್ಲ.

"ನಿನ್ನ ಪೆಟಗಿ ನೀರಾಗ ಹೋದ್ವು ಅಂತ ಅತ್ತೀಯಂತ. ಇಲ್ಲೆ ನೋಡು ತಂಗೀ, ಒಂದೂ ಹೋಗಿಲ್ಲ. ಬೇಕಾದ್ರ ತಗೊಂಡು ಹೋಗು," ಎಂದರು ಅಕ್ಕ.

ತಂಗಿ ಒಂದೊಂದನ್ನೇ ನೋಡಿ ಮತ್ತೆ ಸೀರೆಯಲ್ಲಿ ಸುತ್ತಿಟ್ಟರು. "ಬ್ಯಾಡ ಅಕ್ಕಾ, ಅವು ನಿನ್ನವು. ಇಲ್ಲೇ ಇರಲಿ. ನಮ್ಮ ಮನಿಗೆ ನೀರು ಬರತದ," ಎಂದರು. ಇಬ್ಬರೂ ನಕ್ಕರು.

ಚೆನ್ನೈಗೆ ಮರಳಿದ ಮೇಲೆ ಅವರು ಮಾಡಿದ ಮೊದಲ ಕಾರ್ಡು ಮೇಲಂತಸ್ತಿನ ಮನೆಯವರಿಗಾಗಿತ್ತು. ಹತ್ತು ತಿಂಗಳ ಹಿಂದೆಯೇ ಸಲ್ಲಬೇಕಾಗಿದ್ದ ಬಾಕಿಯದು. ಒಂದು ದೀಪವನ್ನು ಕಸೂತಿಯಲ್ಲಿ ಹೊಲಿದು, ಕೆಳಗೆ ಎರಡು ಸಾಲನ್ನು ತಮಿಳಿನಲ್ಲಿಯೇ ಬರೆದರು.

ಕೈ ಮುನಿದಾಗ

ಮೂರು ವರ್ಷಗಳ ತರುವಾಯ ಇನ್ನೊಂದು ವಿಘ್ನ ಒದಗಿತು. ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ಜೋಮು ಹಿಡಿಯತೊಡಗಿದವು. ನಡುರಾತ್ರಿಯಲ್ಲಿ ಎಚ್ಚರವಾಗಿ ಕೈ ಕೊಡವಬೇಕಾಗುತ್ತಿತ್ತು. ಸೂಜಿ ಕೈಯಿಂದ ಜಾರುತ್ತಿತ್ತು. ವಯಸ್ಸಾಯಿತು, ಇನ್ನು ಸಾಕು ಎಂದು ಬಂಧುಗಳೆಂದರು. ಅವರು ಮಾತ್ರ ಹವ್ಯಾಸವನ್ನು ಬಿಡುವ ಮುನ್ನ ವೈದ್ಯರನ್ನು ಕಾಣಲು ನಿಶ್ಚಯಿಸಿದರು.

ವೈದ್ಯರು ಇದನ್ನು 'ಕಾರ್ಪಲ್ ಟನಲ್' ತೊಂದರೆಯೆಂದರು. ಮಣಿಕಟ್ಟಿನಲ್ಲಿ ಮೂಳೆಗಳೂ ಗಟ್ಟಿಯಾದ ತಂತುಪಟ್ಟಿಯೊಂದೂ ಸೇರಿ ಆದ ಇಕ್ಕಟ್ಟಾದ ಸುರಂಗವಿದೆ. ಅದರ ಮೂಲಕ ಬೆರಳುಗಳನ್ನು ಮಡಿಸುವ ಸ್ನಾಯುರಜ್ಜುಗಳ ಜೊತೆಗೆ ಒಂದು ಮುಖ್ಯ ನರವೂ ಹಾದುಹೋಗುತ್ತದೆ. ಒಳಗೆ ಬಾವು ಬಂದರೆ ನರ ಅದುಮಿಹೋಗಿ ಜೋಮು ಹಿಡಿಯುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ಮಧುಮೇಹ ಮತ್ತು ಥೈರಾಯ್ಡ್ ಗ್ರಂಥಿಯ ಕೊರತೆ ಇರುವವರಲ್ಲಿಯೂ ಕಾಣಿಸಿಕೊಳ್ಳುವುದರಿಂದ ರಕ್ತಪರೀಕ್ಷೆ ಅಗತ್ಯ. ಇವರಲ್ಲಿ ಥೈರಾಯ್ಡ್ ಕೊರತೆ ಪತ್ತೆಯಾಯಿತು, ಮಾತ್ರೆ ಆರಂಭವಾಯಿತು. ಮಣಿಕಟ್ಟು ಮಡಿಯದಂತೆ ನೇರವಾಗಿ ಹಿಡಿಯುವ ಪಟ್ಟಿಯನ್ನು ರಾತ್ರಿ ಧರಿಸಲು ಹೇಳಿದರು. ಇಷ್ಟರಿಂದ ಗುಣ ಕಾಣದಿದ್ದರೆ ಚುಚ್ಚುಮದ್ದು, ಕೊನೆಗೆ ಚಿಕ್ಕ ಶಸ್ತ್ರಚಿಕಿತ್ಸೆ. ಹೆಬ್ಬೆರಳ ಬುಡದ ಮಾಂಸ ಕರಗುವವರೆಗೆ ಅಲಕ್ಷ್ಯ ಮಾಡಿದರೆ ಶಕ್ತಿ ಪೂರ್ತಿ ಮರಳದಿರಬಹುದು ಎಂಬ ಎಚ್ಚರಿಕೆಯನ್ನೂ ಕೊಟ್ಟರು. ಇವರಿಗೆ ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ. ಕೆಲವು ತಿಂಗಳುಗಳಲ್ಲಿ ಬೆರಳುಗಳು ತಿಳಿಯಾದವು.

ಕೆಲಸದ ಕ್ರಮವನ್ನು ಅವರು ಅಂದಿನಿಂದ ಬದಲಿಸಿಕೊಂಡರು. ಸೂಜಿ, ಕತ್ತರಿ ಹಿಡಿಯುವ ಸಕಲರಿಗೂ ಇದು ಉಪಯುಕ್ತ. ಇಪ್ಪತ್ತು ನಿಮಿಷಕ್ಕೊಮ್ಮೆ ಕೆಲಸ ನಿಲ್ಲಿಸಿ ಎದ್ದು ನಿಲ್ಲಬೇಕು; ಕಿಟಕಿಯಾಚೆಯ ದೂರದ ಮರವನ್ನು ಕೊಂಚ ಹೊತ್ತು ನೋಡಿದರೆ ಕಣ್ಣಿಗೂ ವಿಶ್ರಾಂತಿ. ಬಲಗೈ ಬಳಸುವವರಿಗೆ ಬೆಳಕು ಎಡಗಡೆಯಿಂದ ಬಂದರೆ ಕೈಯ ನೆರಳು ಕೆಲಸದ ಮೇಲೆ ಬೀಳದು. ನಲವತ್ತು ದಾಟಿದವರು ಹತ್ತಿರದ ದೃಷ್ಟಿಯ ಕನ್ನಡಕವನ್ನು ನಾಚದೆ ಧರಿಸಬೇಕು. ಸೂಜಿಯ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಂಡರೆ ಬೆರಳುಗಳ ಬಿಗಿತ ಕಡಿಮೆ. ಕಾರಿನ ದೂರ ಪ್ರಯಾಣದಲ್ಲಿ ಎರಡು ಗಂಟೆಗೊಮ್ಮೆ ಇಳಿದು ನಡೆಯಬೇಕು. ಕಾಲಿನ ರಕ್ತಸಂಚಾರಕ್ಕೆ ಅದು ಹಿತ.

ಕಸೂತಿಯ ದೊಡ್ಡ ತೇರನ್ನು ಅವರು ಈಗ ಒಂದೇ ದಿನದಲ್ಲಿ ಮುಗಿಸುವುದಿಲ್ಲ. ಆರು ದಿನ ತೆಗೆದುಕೊಳ್ಳುತ್ತಾರೆ. ಚೌಕುಳಿ ನೋಡಿ ತೂತು ಚುಚ್ಚುವ ಕೆಲಸವನ್ನು ನೆರೆಯ ಮಕ್ಕಳಿಬ್ಬರು ಕಲಿತಿದ್ದಾರೆ. ರಜಾದಿನಗಳಲ್ಲಿ ಮೇಜಿನ ಎರಡೂ ಬದಿಗೆ ಕುಳಿತು ಚುಚ್ಚಿಕೊಡುತ್ತಾರೆ.

2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ಮಳೆಗೆ ವೇಲಚೇರಿ ಮತ್ತೆ ಮುಳುಗಿತು. ಇವರ ಮನೆಗೂ ಮೊಣಕಾಲೆತ್ತರದ ನೀರು ಬಂತು. ಆದರೆ ಈ ಬಾರಿ ಪೆಟ್ಟಿಗೆಗಳು ಮಂಚದಡಿ ಇರಲಿಲ್ಲ, ಅಟ್ಟದ ಮೇಲಿದ್ದವು. ಅವುಗಳಲ್ಲಿ ಇದ್ದುದೂ ಸ್ವಲ್ಪವೇ. ತಯಾರಾದ ಕಾರ್ಡನ್ನು ಹೆಚ್ಚು ದಿನ ಮನೆಯಲ್ಲಿ ಇಟ್ಟುಕೊಳ್ಳುವುದನ್ನು ಅವರು ಬಿಟ್ಟಿದ್ದಾರೆ. ಅಂಚೆಗೆ ಹಾಕಿದ ಕಾರ್ಡು ಕ್ಷೇಮವೆಂಬುದು ಅವರ ನಂಬಿಕೆ.

ಖಾತೆ ಪುಸ್ತಕದ ಬಲಪುಟ ಈಗ ಎಡಪುಟಕ್ಕಿಂತ ಬಹಳ ಖಾಲಿ; ಉತ್ತರ ಬರೆಯುವ ಅಭ್ಯಾಸ ಜನರಲ್ಲಿ ಕಡಿಮೆಯಾಗಿದೆ. ಅದಕ್ಕಾಗಿ ಅವರು ಯಾರ ಹೆಸರನ್ನೂ ಪಟ್ಟಿಯಿಂದ ಹೊಡೆದುಹಾಕಿಲ್ಲ. ವಾಚಕರಲ್ಲಿ ಯಾರಿಗಾದರೂ ಊರಿನಲ್ಲಿ ಒಬ್ಬ ಅಕ್ಕನೋ ಅಣ್ಣನೋ ಇದ್ದಲ್ಲಿ, ಬರುವ ಹಬ್ಬಕ್ಕೆ ಒಂದು ಹಾಳೆಯನ್ನು ಮಡಿಸಿ, ನಾಲ್ಕು ಸಾಲು ಬರೆದು, ಅಂಚೆಗೆ ಹಾಕಿ ನೋಡಬಹುದು. ಚಿತ್ರ ಬರೆಯಲು ಬಾರದಿದ್ದರೆ ಚಿಂತೆಯಿಲ್ಲ. ಒಂದು ಎಲೆ ಸಾಕು.