"ಬರೀ ಆಟ ಅಲ್ವಾ" ಅನ್ನುವ ಮುನ್ನ

ಇಶಾ ನಮಾಝ್ ಮುಗಿದ ಮೇಲೆ ಬಸ್ ತಂಗುದಾಣದ ಕಟ್ಟೆಯಲ್ಲಿ ನಾಲ್ಕೈದು ಹುಡುಗರು ಸಾಲಾಗಿ ಕೂತಿರುತ್ತಾರೆ. ಎಲ್ಲರ ಕಣ್ಣೂ ಮೊಬೈಲ್ ಮೇಲೆ. ಒಬ್ಬ ಇದ್ದಕ್ಕಿದ್ದಂತೆ ಕೂಗುತ್ತಾನೆ: "ಅವ ಹ್ಯಾಕರ್ ಮಾರಾಯ! ಗೋಡೆಯ ಹಿಂದೆ ಇದ್ದವ ಅವನಿಗೆ ಹೇಗೆ ಕಂಡ? ರಿಪೋರ್ಟ್ ಮಾಡು." ಸ್ವಲ್ಪ ಹೊತ್ತಿಗೆ ಅದೇ ಗುಂಪಿನ ಇನ್ನೊಬ್ಬ ಮೆಲ್ಲಗೆ ಕೇಳುತ್ತಾನೆ: "ಆ ಫೈಲ್ ನಿನ್ನಲ್ಲಿ ಉಂಟಾ? ನನಗೂ ಕಳಿಸು."

ಪಬ್‌ಜಿ, ಬಿಜಿಎಂಐ, ಫ್ರೀ ಫೈರ್ ಆಡುವ ಮಕ್ಕಳಿರುವ ಮನೆಗಳಿಗೆ ಈ ಮಾತು ಹೊಸದಲ್ಲ. ಗುರಿ ತಾನಾಗಿಯೇ ಕೂರುವಂತೆ ಮಾಡುವುದು ಏಮ್‌ಬಾಟ್. ಗೋಡೆಯಾಚೆಯ ಎದುರಾಳಿಯನ್ನು ತೋರಿಸುವುದು ವಾಲ್‌ಹ್ಯಾಕ್. ಸಿಕ್ಕಿಬಿದ್ದರೆ ಐಡಿ ಬ್ಯಾನ್. ಎಲ್ಲಿಂದಲೋ ಇಳಿಸಿಕೊಂಡ ಇಂಥ ಫೈಲ್‌ಗಳ ಜೊತೆ ಮೊಬೈಲ್‌ಗೆ ವೈರಸ್ ಬರುವ ಅಪಾಯವೂ ಇದೆ.

ಯಾಕೆ ಮಾಡ್ತೀರಿ ಎಂದು ಕೇಳಿದರೆ ಉತ್ತರ ಸಿದ್ಧ. "ಎಲ್ಲರೂ ಮಾಡ್ತಾರೆ", "ಅವ ಮೊದಲು ಮಾಡಿದ", "ಬರೀ ಆಟ ಅಲ್ವಾ, ಯಾರಿಗೆ ನಷ್ಟ?"

ಈ ಸಮರ್ಥನೆ ಮಕ್ಕಳದ್ದು ಮಾತ್ರವಲ್ಲ. 2021ರ ಜೂನ್‌ನಲ್ಲಿ ಕೋವಿಡ್ ಪರಿಹಾರ ನಿಧಿಗಾಗಿ ನಡೆದ ಆನ್‌ಲೈನ್ ಚೆಸ್‌ನಲ್ಲಿ ಬೆಂಗಳೂರಿನ ಉದ್ಯಮಿ ನಿಖಿಲ್ ಕಾಮತ್ ವಿಶ್ವನಾಥನ್ ಆನಂದ್ ಅವರನ್ನು ಸೋಲಿಸಿದರು. ಮರುದಿನ, ಕಂಪ್ಯೂಟರ್ ಮತ್ತು ಬಲ್ಲವರ ನೆರವು ಪಡೆದಿದ್ದಾಗಿ ಒಪ್ಪಿಕೊಂಡು ಕ್ಷಮೆ ಕೇಳಿದರು. ಅದು ಮೋಜಿಗಾಗಿ, ದಾನಕ್ಕಾಗಿ ಆಡಿದ ಆಟ ಎಂಬ ವಿವರಣೆಯೂ ಜೊತೆಗಿತ್ತು. ಆನಂದ್ ಗದ್ದಲ ಮಾಡಲಿಲ್ಲ. ತಾನು ಬೋರ್ಡ್ ಮೇಲಿದ್ದ ಸ್ಥಿತಿ ನೋಡಿ ಆಡಿದೆ, ಎಲ್ಲರಿಂದಲೂ ಅದನ್ನೇ ನಿರೀಕ್ಷಿಸಿದ್ದೆ ಎಂದಷ್ಟೇ ಹೇಳಿದರು.

"ಯಾರಿಗೆ ನಷ್ಟ?" ಎಂಬ ಪ್ರಶ್ನೆಗೆ ಉತ್ತರ 2018ರ ಅಕ್ಟೋಬರ್‌ನಲ್ಲೇ ಸಿಕ್ಕಿದೆ. ಶಾಂಘೈಯಲ್ಲಿ ನಡೆದ ಕೌಂಟರ್ ಸ್ಟ್ರೈಕ್ ಟೂರ್ನಿಯಲ್ಲಿ ಆಪ್ಟಿಕ್ ಇಂಡಿಯಾ ತಂಡದ ಒಬ್ಬ ಆಟಗಾರನ ಕಂಪ್ಯೂಟರ್‌ನಲ್ಲಿ ಮೋಸದ ಸಾಫ್ಟ್‌ವೇರ್ ಪತ್ತೆಯಾಯಿತು. ಅವನಿಗೆ ಐದು ವರ್ಷ ನಿಷೇಧ. ಆದರೆ ಅನರ್ಹಗೊಂಡದ್ದು ಇಡೀ ತಂಡ. ಆಮೇಲೆ ತಂಡವೇ ವಿಸರ್ಜನೆಯಾಯಿತು. ಉಳಿದ ನಾಲ್ವರ ದುಡಿಮೆಯೂ ನೀರುಪಾಲು.

ಕಟ್ಟೆಯ ಹುಡುಗರತ್ತ ಮತ್ತೆ ನೋಡಿ. ಇನ್ನೊಬ್ಬ ಮೋಸ ಮಾಡಿದರೆ ಸಿಟ್ಟು, ತಾನು ಮಾಡಿದರೆ "ಬರೀ ಆಟ". ಮದ್ರಸದಲ್ಲಿ ಕಲಿತ ಸೂರಃ ಅಲ್ ಮುತಫ್ಫಿಫೀನ್ ಎಚ್ಚರಿಸುವುದು ಇಂಥವರನ್ನೇ: ಪಡೆಯುವಾಗ ಪೂರ್ತಿ ಅಳತೆ ಕೇಳುವವರು, ಕೊಡುವಾಗ ಕಡಿಮೆ ಮಾಡುವವರು. ಪ್ರವಾದಿಯವರು (ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟು, ಒಳಗಿನ ತೇವವನ್ನು ಪತ್ತೆಹಚ್ಚಿ ವ್ಯಾಪಾರಿಯನ್ನು ಪ್ರಶ್ನಿಸಿದ ಘಟನೆಯೂ ನಮಗೆ ಗೊತ್ತು. ನಮ್ಮ 'ಬ್ಯಾರಿ' ಎಂಬ ಹೆಸರೇ ವ್ಯಾಪಾರ ಎಂಬರ್ಥದ 'ಬ್ಯಾರ'ದಿಂದ ಬಂದಿದೆ ಎನ್ನುತ್ತಾರೆ. ತಕ್ಕಡಿಯ ಮಾತು ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಇಂದು ಮೊಬೈಲ್‌ನಲ್ಲಿ ಆಡುವ ಹುಡುಗ ನಾಳೆ ಅಂಗಡಿಯ ಗಲ್ಲಾದಲ್ಲಿ ಕೂರುತ್ತಾನೆ, ಗಲ್ಫ್‌ನ ಕಚೇರಿಯಲ್ಲಿ ಲೆಕ್ಕ ಬರೆಯುತ್ತಾನೆ. "ಎಲ್ಲರೂ ಮಾಡ್ತಾರೆ" ಎಂಬ ಮಾತು ಅಲ್ಲಿಗೂ ಅವನ ಜೊತೆ ಹೋಗುತ್ತದೆ.

ಹಾಗಂತ ಮೊಬೈಲ್ ಕಸಿದುಕೊಂಡು ಬೈದರೆ ಆಟ ಕದ್ದುಮುಚ್ಚಿ ನಡೆಯುತ್ತದೆ, ಅಷ್ಟೇ. ಉಪ್ಪ, ಉಮ್ಮ ಒಮ್ಮೆ ಪಕ್ಕದಲ್ಲಿ ಕೂತು ಆಟ ನೋಡಲಿ. "ಇವತ್ತು ಗೆದ್ದೆಯಾ?" ಎಂದು ಕೇಳುವ ಬದಲು "ಸರಿಯಾಗಿ ಆಡಿದೆಯಾ?" ಎಂದು ಕೇಳಲಿ. ಸರಿಯಾಗಿ ಆಡಿ ಸೋತು ಬಂದ ದಿನ, ಬೆನ್ನು ತಟ್ಟಲು ಮರೆಯದಿರಲಿ.