ತೋಟದ ಮಾತು ತಿಳಿದುಕೊಳ್ಳೋಣ



ಸಿಂಗಟಾಲೂರು ಏತ ನೀರಾವರಿಯಲ್ಲಿ ಹಮ್ಮಿಗಿ ಬ್ಯಾರೇಜಿನಿಂದ ತುಂಗಭದ್ರೆಯ ನೀರನ್ನು ಮೇಲೆತ್ತುತ್ತಾರೆ. ನೀರು ಸಿಕ್ಕಲ್ಲಿ ಜೋಳ, ಕಡಲೆ ಬಿತ್ತುವವರಿಗೂ ಒಂದೆರಡು ಗುಂಟೆ ಕಾಯಿಪಲ್ಲೆ ಮಾಡೋಣ ಅನ್ನಿಸುತ್ತದೆ. ಮಾಡ್ರಿ, ಒಳ್ಳೇದು. ಆದರೆ ಮೊದಲು ತೋಟದ ನಾಲ್ಕು ಮಾತು ತಿಳಿದಿರಬೇಕು. ಮಾತು ತಿಳಿಯದೆ ಕೆಲಸ ಹಿಡಿದರೆ ರೊಕ್ಕವೂ ಹೋದೀತು, ಭೂಮಿಯೂ ಕೆಟ್ಟೀತು.

ಮೊದಲನೆಯದು ಹದ. ಒಂದು ಹಿಡಿ ಮಣ್ಣು ತೆಗೆದುಕೊಂಡು ಉಂಡೆ ಕಟ್ಟಿರಿ. ಉಂಡೆ ನಿಂತು, ಬೆರಳಿನಿಂದ ಒತ್ತಿದರೆ ಉದುರಿದರೆ ಹದ ಇದೆ ಎಂದು ತಿಳಿಯಿರಿ. ಕೈಗೆ ಅಂಟಿದರೆ ಹಸಿ ಹೆಚ್ಚಾಯಿತು. ಆಗ ಎರಿ ಮಣ್ಣು ಅಗೆದರೆ ಹೆಂಟೆ ಎದ್ದು ಒಣಗಿ ಕಲ್ಲಾಗುತ್ತದೆ.

ಎರಡನೆಯದು ಬಸಿ. ಹೆಚ್ಚಿನ ನೀರು ಹರಿದು ಹೋಗುವ ದಾರಿಗೆ ಬಸಿ ಎನ್ನುತ್ತಾರೆ. ಎರಿ ಭೂಮಿ ನೀರು ಹಿಡಿಯುವುದು ಹೆಚ್ಚು, ಬಿಡುವುದು ಕಡಿಮೆ. ನೀರು ನಿಂತರೆ ಬೇರು ಕೊಳೆಯುತ್ತದೆ; ಇದು ಜವಳು. ನೆಲದೊಳಗಿನ ಉಪ್ಪು ನೀರಿನ ಸಂಗಡ ಮೇಲೇರಿ, ನೀರು ಆರಿದ ಮೇಲೆ ಬೆಳ್ಳಗೆ ಉಳಿಯುತ್ತದೆ, ಇದು ಸವಳು. 1953ರಲ್ಲಿ ಹೊಸಪೇಟೆಯ ಅಣೆಕಟ್ಟು ಮುಗಿದು ಕಾಲುವೆ ನೀರು ಹರಿದ ಮೇಲೆ, ಗಂಗಾವತಿ, ಸಿಂಧನೂರು ಕಡೆಗೆ ಎಷ್ಟೋ ಒಳ್ಳೆಯ ಹೊಲ ಹೀಗೆ ಕೆಟ್ಟವು. ಆದ್ದರಿಂದ ನೀರು ಬಿಡುವ ಮೊದಲೇ ಇಳಿಜಾರಿನ ಕಡೆಗೆ ಬಸಿಗಾಲುವೆ ತೆಗೆಯಿರಿ. ನೆಲ ಕೇಳಿದಾಗ ನೀರು ಕೊಡ್ರಿ. ಸರದಿ ಬಂತೆಂದು ತುಂಬಿಸಬೇಡ್ರಿ.

ಮೂರನೆಯದು ಅಗಿ ಗಟ್ಟಿ ಮಾಡುವುದು. ಮೆಣಸಿನ, ಬದನಿಯ ಅಗಿ ಮಡಿಯಲ್ಲಿ ನೆರಳಿಗೆ, ತಂಪಿಗೆ ಬೆಳೆದಿರುತ್ತದೆ. ಅದನ್ನು ಒಮ್ಮೆಲೇ ಬಿಸಿಲಿಗೆ ಹಚ್ಚಿದರೆ ಬಾಡುತ್ತದೆ. ಕೀಳುವುದಕ್ಕೆ ವಾರ, ಹತ್ತು ದಿನ ಮೊದಲಿನಿಂದ ನೆರಳನ್ನೂ ನೀರನ್ನೂ ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತ ಬರ್ರಿ.

ನಾಲ್ಕನೆಯದು ಹೊದಿಕೆ. ಗಿಡದ ಬುಡಕ್ಕೆ ಹೊಟ್ಟು, ಒಣ ಎಲೆ, ಕತ್ತರಿಸಿದ ಜೋಳದ ದಂಟು ಹರವಿದರೆ ಹಸಿ ಆರುವುದಿಲ್ಲ, ಕಸವೂ ಕಡಿಮೆ. ಕಾಂಡಕ್ಕೆ ಮಾತ್ರ ತಾಗಿಸಬೇಡ್ರಿ.

ಇನ್ನು ಗೊಬ್ಬರದ ಚೀಲದ ಮೇಲಿನ ಅಂಕಿ. 10:26:26 ಎಂದರೆ ನೂರು ಕಿಲೋದಲ್ಲಿ ಸಾರಜನಕ 10, ರಂಜಕ 26, ಪೊಟ್ಯಾಷ್ 26 ಕಿಲೋ ಎಂದರ್ಥ. ಸಾರಜನಕ ಎಲೆಗೆ, ರಂಜಕ ಬೇರಿಗೆ, ಪೊಟ್ಯಾಷ್ ಕಾಯಿಗೂ ಗಿಡದ ಬಲಕ್ಕೂ ಬೇಕು. ಯೂರಿಯಾದಲ್ಲಿ ಇರುವುದು 46 ಪಾಲು ಸಾರಜನಕ ಒಂದೇ. ಅದನ್ನೇ ಸುರಿದರೆ ಗಿಡ ಹಸಿರಾಗಿ ಸೊಕ್ಕೀತು, ಕಾಯಿ ಕಡಿಮೆಯಾದೀತು.

ಕಡೆಯ ಮಾತು ಹೈಬ್ರಿಡ್. ಬೇರೆ ಬೇರೆ ಗುಣದ ಎರಡು ತಳಿ ಕೂಡಿಸಿ ಪಡೆದ ಬೀಜವಿದು. ಬೆಳೆ ಒಂದು ಸಲ ಚೆನ್ನಾಗಿ ಬರುತ್ತದೆ. ಅದರ ಕಾಯಿಯ ಬೀಜ ಹಿಡಿದು ಮರುವರ್ಷ ಹಾಕಿದರೆ ಗಿಡ ಒಂದೊಂದು ತರಹ ಆಗುತ್ತದೆ. ಮನೆಬೀಜ ಹಿಡಿಯುವುದಾದರೆ ಜವಾರಿಯನ್ನೇ ಹಚ್ಚಿರಿ, ಒಳ್ಳೆಯ ಗಿಡದ್ದನ್ನೇ ಆರಿಸಿರಿ.

ತಿಳಿಯದ ಮಾತು ಕಂಡರೆ ಪಾಕೀಟು, ಚೀಲ ಎಸೆಯದೆ ರೈತ ಸಂಪರ್ಕ ಕೇಂದ್ರಕ್ಕೆ ಒಯ್ದು ಕೇಳ್ರಿ. ಕೇಳುವುದರಲ್ಲಿ ಸಣ್ಣತನವಿಲ್ಲ.