ಮೂಲೆ ಸೇರಿದ ಪಿಕಪ್ ಮತ್ತೆ ರಸ್ತೆಗೆ: ಮಿತ ವೆಚ್ಚದ ಲೆಕ್ಕಾಚಾರ

ರಾಜ್ಯದ ಯಾವ ಕೈಗಾರಿಕಾ ವಸಾಹತಿಗೆ ಹೋದರೂ, ಅದು ಬೆಂಗಳೂರಿನ ಪೀಣ್ಯವಿರಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯಿರಲಿ, ಮಂಗಳೂರಿನ ಯೆಯ್ಯಾಡಿಯಿರಲಿ, ಶೆಡ್ಡಿನ ಹಿಂದೆ ಕಾಂಪೌಂಡಿನ ಬದಿಗೆ ನಿಂತುಬಿಟ್ಟ ಹಳೆಯ ಪಿಕಪ್ ಒಂದು ಕಣ್ಣಿಗೆ ಬೀಳುವುದು ಅಪರೂಪವಲ್ಲ. ಟೈರುಗಳು ಗಾಳಿ ಕಳೆದುಕೊಂಡಿರುತ್ತವೆ; ಹಿಂಬದಿಯಲ್ಲಿ ಖಾಲಿ ಡ್ರಮ್ಮು, ಮುರಿದ ಪ್ಯಾಲೆಟ್ಟುಗಳು ತುಂಬಿರುತ್ತವೆ. ಅನೇಕ ವೇಳೆ ಅದೇ ಆ ಉದ್ದಿಮೆಯ ಮೊದಲ ಸ್ವಂತ ವಾಹನವಾಗಿರುತ್ತದೆ. ಎಂಜಿನ್ ಕೆಲಸ ಬಂದಾಗ ಕೈಯಲ್ಲಿ ಹಣವಿರಲಿಲ್ಲ, ಬಾಡಿಗೆ ಗಾಡಿಯಲ್ಲಿ ಸರಕು ಕಳುಹಿಸಲಾಯಿತು, ಹಾಗೆಯೇ ಎರಡು ವರ್ಷ ಕಳೆಯಿತು.

ಬಾಡಿಗೆಯ ಮೊತ್ತ ತಿಂಗಳಿನಿಂದ ತಿಂಗಳಿಗೆ ಏರುತ್ತಿರುವಾಗ, ಹೊಸ ವಾಹನದ ಸಾಲದ ಕಂತು ಹೊರಲಾಗದ ಸಣ್ಣ ತಯಾರಕರಿಗೆ ಆ ಹಳೆಯ ಗಾಡಿಯ ನೆನಪಾಗುವುದು ಸಹಜ. ಅದನ್ನು ರಿಪೇರಿ ಮಾಡಿಸುವ ನಿರ್ಧಾರ ಹಲವು ಸಂದರ್ಭಗಳಲ್ಲಿ ಸರಿಯಾದದ್ದೇ. ತಪ್ಪುವುದು ಹಣ ಹಾಕುವ ಕ್ರಮದಲ್ಲಿ. ಮೊದಲು ಎಂಜಿನ್ ಬಿಚ್ಚಿಸಿ, ನಂತರ ಟಿಂಕರಿಂಗ್ ಮತ್ತು ಬಣ್ಣ ಮಾಡಿಸಿ, ಕೊನೆಗೆ ಬ್ರೇಕು ಹಾಗೂ ಸ್ಟೀರಿಂಗಿಗೆ ಬರುವ ಹೊತ್ತಿಗೆ ಥೈಲಿ ಬರಿದಾಗಿರುತ್ತದೆ. ಅರ್ಹತಾ ಪತ್ರದ ಪರೀಕ್ಷೆಯಲ್ಲಿ ಗಾಡಿ ಸೋಲುವುದೂ ಅಲ್ಲಿಯೇ. ಘಟ್ಟದ ಇಳಿಜಾರಿನಲ್ಲಿ ಚಾಲಕನ ಮತ್ತು ಹಮಾಲರ ಜೀವ ನಿಂತಿರುವುದೂ ಆ ಭಾಗಗಳ ಮೇಲೆಯೇ.

ಖರ್ಚಿಗೆ ಮುನ್ನ ಕಾಗದ

ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ಮಾಲೀಕರು ನೋಡಬೇಕಾದದ್ದು ನೋಂದಣಿ ಪತ್ರ. 1988ರ ಮೋಟಾರು ವಾಹನ ಕಾಯ್ದೆಯ 56ನೇ ಕಲಮಿನಂತೆ, ಅರ್ಹತಾ ಪತ್ರ (ವಾಡಿಕೆಯಲ್ಲಿ ಎಫ್.ಸಿ.) ಚಾಲ್ತಿಯಲ್ಲಿಲ್ಲದ ಸಾರಿಗೆ ವಾಹನವನ್ನು ಸಿಂಧುವಾಗಿ ನೋಂದಣಿಯಾದ ವಾಹನವೆಂದೇ ಪರಿಗಣಿಸಲಾಗದು. ಅಪಘಾತವಾದಲ್ಲಿ ವಿಮಾ ಕಂಪನಿ ಮೊದಲು ಕೇಳುವ ಕಾಗದಗಳಲ್ಲಿ ಇದೂ ಒಂದು. ಎಂಟು ವರ್ಷದವರೆಗಿನ ವಾಹನಕ್ಕೆ ಎರಡು ವರ್ಷಕ್ಕೊಮ್ಮೆ, ಅದನ್ನು ಮೀರಿದ್ದಕ್ಕೆ ಪ್ರತಿ ವರ್ಷ ಎಫ್.ಸಿ. ನವೀಕರಣ ಅಗತ್ಯ.

ಇಲ್ಲಿ ಅನೇಕರ ಗಮನಕ್ಕೆ ಬಾರದ ಒಂದು ವೆಚ್ಚವಿದೆ. ಕೇಂದ್ರ ಸರ್ಕಾರದ 2021ರ ಅಧಿಸೂಚನೆಯ ಶುಲ್ಕಪಟ್ಟಿಯಲ್ಲಿ, ಎಫ್.ಸಿ. ಮುಗಿದ ನಂತರದ ಪ್ರತಿ ದಿನದ ವಿಳಂಬಕ್ಕೆ 50 ರೂಪಾಯಿ ಹೆಚ್ಚುವರಿ ಶುಲ್ಕ ಗೊತ್ತುಪಡಿಸಲಾಗಿದೆ. ಎರಡು ವರ್ಷ ನಿಂತ ಗಾಡಿಗೆ ಇದೊಂದೇ 36,500 ರೂಪಾಯಿಯಾಗುತ್ತದೆ. ಒಂದು ಹನಿ ಡೀಸೆಲ್ ಸುಡದೆ, ನಿಂತಲ್ಲೇ ನಿಂತು ಗಾಡಿ ಮಾಡಿದ ಸಾಲವಿದು! 15 ವರ್ಷ ಮೀರಿದ ಸಾರಿಗೆ ವಾಹನಗಳ ಪರೀಕ್ಷಾ ಶುಲ್ಕವನ್ನು 2022ರ ಏಪ್ರಿಲ್ 1ರಿಂದ ಗಣನೀಯವಾಗಿ ಏರಿಸಲಾಯಿತು. 2025ರ ನವೆಂಬರಿನಲ್ಲಿ ಶುಲ್ಕವನ್ನು ಪುನಃ ಪರಿಷ್ಕರಿಸಲಾಯಿತು. ಆದ್ದರಿಂದ ವಾಹನದ ವಯಸ್ಸಿಗೆ ಅನ್ವಯವಾಗುವ ಶುಲ್ಕ, ಬಾಕಿ ತೆರಿಗೆ, ಬಾಕಿ ದಂಡ ಇವನ್ನೆಲ್ಲ ಪರಿವಾಹನ್ ಜಾಲತಾಣದಲ್ಲಾಗಲಿ, ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಾಗಲಿ ಮೊದಲೇ ತಿಳಿದುಕೊಂಡು ಒಂದು ಹಾಳೆಯಲ್ಲಿ ಬರೆದಿಡುವುದು ಲೇಸು. ಕೆಲವು ಗಾಡಿಗಳ ಭವಿಷ್ಯ ಆ ಹಾಳೆಯಲ್ಲೇ ತೀರ್ಮಾನವಾಗಿಬಿಡುತ್ತದೆ.

ಸುತ್ತಿಗೆಯ ಪರೀಕ್ಷೆ

ಕಾಗದದ ಲೆಕ್ಕ ಒಪ್ಪಿದರೆ ಮುಂದಿನದು ಚಾಸಿಸ್. ಗಾಡಿಯನ್ನು ಗ್ಯಾರೇಜಿಗೆ ಒಯ್ಯುವುದಕ್ಕಿಂತ ಅನುಭವಿ ಮೇಸ್ತ್ರಿಯೊಬ್ಬರನ್ನು ಗಾಡಿಯಿರುವಲ್ಲಿಗೇ ಕರೆಸುವುದು ಮೇಲು. ಒಮ್ಮೆ ಗ್ಯಾರೇಜಿನಲ್ಲಿ ಬಿಚ್ಚಿದ ಗಾಡಿಯನ್ನು ಬೇಡವೆಂದು ಹಿಂದಕ್ಕೆ ತರುವ ಮನಸ್ಸು ಯಾರಿಗೂ ಬರುವುದಿಲ್ಲ.

ತೊಟ್ಟಿಯ ಅಡ್ಡ ತೊಲೆಗಳು ಚಾಸಿಸ್ ಮೇಲೆ ಕೂರುವ ಜಾಗ, ಸ್ಪ್ರಿಂಗ್ ಬ್ರಾಕೆಟ್ಟುಗಳ ಸುತ್ತ, ಹಿಂದಿನ ಅಡ್ಡ ಪಟ್ಟಿ ಇವು ತುಕ್ಕಿನ ನೆಲೆಗಳು. ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಗಟ್ಟಿ ಉಕ್ಕು ಗಂಟೆಯಂತೆ ಸ್ಪಷ್ಟವಾಗಿ ದನಿ ಕೊಡುತ್ತದೆ. ಒಳಗೆ ತಿಂದುಹೋದದ್ದು ಮಂದವಾಗಿ ಕೇಳುತ್ತದೆ, ಪದರ ಪದರವಾಗಿ ಉದುರುತ್ತದೆ. ಕರಾವಳಿಯಲ್ಲಿ ಮೀನು ಸಾಗಿಸಿದ ಗಾಡಿ, ಉಪ್ಪು ಇಲ್ಲವೆ ಯೂರಿಯಾ ಹೊತ್ತ ಗಾಡಿ, ಇವುಗಳ ಮೇಲ್ಬಣ್ಣ ಎಷ್ಟೇ ಚೆನ್ನಾಗಿದ್ದರೂ ಕೆಳಗೆ ಮಲಗಿ ನೋಡದೆ ಬಿಡಬಾರದು. ಚಾಸಿಸ್ ಸಂಖ್ಯೆ ಕೆತ್ತಿದ ಜಾಗವನ್ನು ತಂತಿ ಬ್ರಷ್ಷಿನಿಂದ ಮೆಲ್ಲಗೆ ಶುಚಿಗೊಳಿಸಿ ಓದಿ ನೋಡಬೇಕು. ಅದು ಅಳಿಸಿಹೋಗಿದ್ದರೆ ತಪಾಸಣೆಯ ವೇಳೆ ತೊಡಕು ಖಚಿತ.

ತೊಟ್ಟಿಯ ತಳದ ತಗಡು ಹೋಗಿದ್ದರೆ ಚಿಂತೆಯಿಲ್ಲ, ಅದು ಬದಲಾಯಿಸುವ ವಸ್ತು. ಆದರೆ ಚಾಸಿಸ್‌ನ ಉದ್ದ ತೊಲೆಯೇ ಎರಡು ಮೂರು ಕಡೆ ತೂತಾಗಿದ್ದರೆ ಅಲ್ಲಿಗೆ ನಿಲ್ಲಿಸುವುದು ವ್ಯಾಪಾರಿ ವಿವೇಕ. ತೇಪೆ ಹಾಕಿದ ತೊಲೆ ಹೊರೆಯ ಕೆಳಗೆ ವೆಲ್ಡಿಂಗ್‌ನ ಪಕ್ಕದಲ್ಲೇ ಬಿರಿಯುವ ಸಂಭವ ಹೆಚ್ಚು. ಅಂಥ ಗಾಡಿಯನ್ನು ಬೀದಿಯ ಗುಜರಿಗೆ ಕೊಡದೆ ನೋಂದಾಯಿತ ವಾಹನ ಗುಜರಿ ಕೇಂದ್ರಕ್ಕೆ ಒಪ್ಪಿಸಿದರೆ, ಹೊಸ ವಾಹನ ಕೊಳ್ಳುವಾಗ ಉಪಯೋಗಕ್ಕೆ ಬರುವ ಠೇವಣಿ ಪ್ರಮಾಣಪತ್ರ ದೊರೆಯುತ್ತದೆ. ನೋಂದಣಿಯೂ ಕ್ರಮಬದ್ಧವಾಗಿ ರದ್ದಾಗುತ್ತದೆ.

ನಿಲ್ಲುವುದು ಮೊದಲು, ಓಡುವುದು ಆಮೇಲೆ

ಚಾಸಿಸ್ ಗಟ್ಟಿಯಿದೆ, ಮಾಲೀಕರು ಒಂದೂಕಾಲು ಲಕ್ಷ ರೂಪಾಯಿಯ ಮಿತಿ ಹಾಕಿಕೊಂಡಿದ್ದಾರೆ ಎಂದಿಟ್ಟುಕೊಳ್ಳೋಣ. ಅದರಲ್ಲಿ ಕಾಲು ಲಕ್ಷವನ್ನು ಮೊದಲೇ ತೆಗೆದು ಬೇರೆ ಇಡಬೇಕು; ಬಿಚ್ಚಿದ ಮೇಲಷ್ಟೇ ಕಾಣುವ ದೋಷಗಳಿಗೆ ಅದು ಬೇಕಾಗುತ್ತದೆ. ಶುಲ್ಕ, ವಿಮೆ, ತೆರಿಗೆ ಕಳೆದು ಉಳಿದದ್ದರಲ್ಲಿ ಮೊದಲ ಪಾಲು ಬ್ರೇಕಿಗೆ.

ಬಹುಕಾಲ ನಿಂತ ಗಾಡಿಯಲ್ಲಿ ಬ್ರೇಕ್ ಆಯಿಲ್ ತೇವ ಹೀರಿಕೊಂಡಿರುತ್ತದೆ. ಆ ನೀರಿನಂಶದಿಂದ ಎರಡು ಹಾನಿಗಳಿವೆ. ವೀಲ್ ಸಿಲಿಂಡರುಗಳ ಒಳಮೈ ತುಕ್ಕು ಹಿಡಿದು ಪಿಸ್ಟನ್ ಬಿಗಿಯುತ್ತದೆ. ಜೊತೆಗೆ ಆಯಿಲ್ ಕುದಿಯುವ ಉಷ್ಣಾಂಶ ತಗ್ಗುತ್ತದೆ. ಶಿರಾಡಿ ಅಥವಾ ಚಾರ್ಮಾಡಿ ಘಟ್ಟದಲ್ಲಿ ಹೊರೆಯೊಂದಿಗೆ ಇಳಿಯುವಾಗ ಡ್ರಮ್ಮುಗಳು ಕಾದು, ಆಯಿಲ್ ಆವಿಯಾಗಿ, ಪೆಡಲ್ ಒಮ್ಮೆಗೇ ತಳ ಮುಟ್ಟುವುದು ಹೀಗೆ. ಊರೊಳಗೆ ಖಾಲಿ ಗಾಡಿ ಓಡಿಸಿ ನೋಡಿದಾಗ ಇದರ ಸುಳಿವೇ ಸಿಗುವುದಿಲ್ಲ. ಆದ್ದರಿಂದ ಆಯಿಲ್ ಪೂರ್ಣ ಬದಲಾವಣೆ, ನಾಲ್ಕೂ ಚಕ್ರದ ಸಿಲಿಂಡರುಗಳ ಪರಿಶೀಲನೆ, ರಬ್ಬರ್ ಕೊಳವೆ ಮತ್ತು ಕಪ್ಪುಗಳನ್ನು ಹೊಸದಾಗಿ ಹಾಕಿಸುವುದು, ಬಿರುಕು ಬಿಟ್ಟ ಇಲ್ಲವೆ ಎಣ್ಣೆ ಕುಡಿದ ಲೈನರ್ ತೆಗೆಸುವುದು ಇವುಗಳಲ್ಲಿ ಚೌಕಾಶಿ ಸಲ್ಲದು. ಡ್ರಮ್ಮನ್ನು ಲೇತಿನಲ್ಲಿ ಹೊಡೆಸುವುದಾದರೆ ತಯಾರಕರು ನಿಗದಿಪಡಿಸಿದ ಗರಿಷ್ಠ ವ್ಯಾಸ ಮೀರಬಾರದು. ತೆಳುವಾದ ಡ್ರಮ್ ಬೇಗ ಕಾಯುತ್ತದೆ.

ನೆಲಮಂಗಲದಲ್ಲಿರುವಂಥ ಸ್ವಯಂಚಾಲಿತ ಪರೀಕ್ಷಾ ಕೇಂದ್ರದಲ್ಲಿ ಉರುಳೆಗಳ ಮೇಲೆ ಪ್ರತಿ ಚಕ್ರದ ಬ್ರೇಕ್ ಶಕ್ತಿಯನ್ನು ಬೇರೆ ಬೇರೆಯಾಗಿ ಅಳೆಯಲಾಗುತ್ತದೆ. ಎಡ ಬಲದ ನಡುವಿನ ವ್ಯತ್ಯಾಸವನ್ನು ಅಲ್ಲಿ ಮುಚ್ಚಿಡಲಾಗದು.

ಸ್ಟೀರಿಂಗ್ ಪರೀಕ್ಷೆಗೆ ಜ್ಯಾಕ್ ಒಂದು ಸಾಕು. ಮುಂಚಕ್ರವನ್ನು ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಸಡಿಲ ಕಂಡರೆ ಬೇರಿಂಗ್ ಅಥವಾ ಕಿಂಗ್‌ಪಿನ್, ಬಾಲ್ ಜಾಯಿಂಟ್ ಕಡೆಯ ದೋಷ. ಒಬ್ಬರು ಬ್ರೇಕ್ ಒತ್ತಿದಾಗ ಆ ಸಡಿಲ ಮಾಯವಾದರೆ ಬೇರಿಂಗ್ ಎಂದು ತಿಳಿಯಬಹುದು. ಎಡ ಬಲಕ್ಕೆ ಅಲುಗಿದರೆ ಟೈರಾಡ್ ತುದಿಗಳನ್ನು ನೋಡಬೇಕು.

ಟೈರಿನ ಗೀರುಗಳ ಆಳ 1.6 ಮಿ.ಮೀ.ಗಿಂತ ಕಡಿಮೆಯಿರಬಾರದೆಂಬುದು ನಿಯಮ. ನಿಂತ ಗಾಡಿಯಲ್ಲಿ ಗೀರು ಸವೆದಿರುವುದಿಲ್ಲ, ಬದಿಯ ರಬ್ಬರ್ ಸೀಳಿರುತ್ತದೆ. ಬದಿಯಲ್ಲಿ ಅಚ್ಚಾದ ನಾಲ್ಕಂಕಿ ಸಂಖ್ಯೆಯಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಸೂಚಿಸುತ್ತವೆ. ಹಣ ಸಾಲದಿದ್ದರೆ ಮುಂದಿನೆರಡಕ್ಕೆ ಹೊಸ ಟೈರು, ಹಿಂದಕ್ಕೆ ಒಳ್ಳೆಯ ಕಂಪನಿಯ ರೀಟ್ರೆಡ್ ಹಾಕಿಸಬಹುದು. ಇದನ್ನು ತಿರುವುಮುರುವು ಮಾಡಬಾರದು.

ಎಂಜಿನ್: ಬಿಚ್ಚುವ ಮೊದಲು

ಎಂಜಿನ್ ವಿಷಯದಲ್ಲಿ ಅವಸರವೇ ದೊಡ್ಡ ಖರ್ಚು. ಬ್ಯಾಟರಿ ತಂದು ನೇರವಾಗಿ ಸ್ಟಾರ್ಟ್ ಮಾಡಲು ಹೊರಡಬಾರದು. ಹಳೆಯ ಡೀಸೆಲ್ ಟ್ಯಾಂಕಿನ ತಳದಲ್ಲಿ ನೀರು ಮತ್ತು ಕೊಳೆ ಸೇರಿರುತ್ತದೆ; ಅದನ್ನು ಬಸಿದು, ಫಿಲ್ಟರ್ ಬದಲಿಸಿ, ಕೊಳವೆಯ ಗಾಳಿ ತೆಗೆಯಬೇಕು. ಎಂಜಿನ್ ಆಯಿಲ್ ಹೊಸದು ಹಾಕಿ, ಕೈಯಿಂದ ಒಂದೆರಡು ಸುತ್ತು ತಿರುಗಿಸಿ, ಬಿಗಿದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಸ್ಟಾರ್ಟರ್. ಇಲಿ ಕಡಿದ ವೈರುಗಳನ್ನು ನೋಡದೆ ಬ್ಯಾಟರಿ ಜೋಡಿಸಿದರೆ ಬೆಂಕಿಯ ಭಯವೂ ಇದೆ.

ಎಂಜಿನ್ ಕಾದ ನಂತರ ಆಯಿಲ್ ಮುಚ್ಚಳ ತೆಗೆದಾಗ ಹೊಗೆ ಬುಸುಗುಟ್ಟಿದರೆ ರಿಂಗ್ ಸವೆದಿರುವ ಲಕ್ಷಣ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಕಪ್ಪು ಹೊಗೆಗೆ ಹೆದರಿ ಎಂಜಿನ್ ಇಳಿಸುವುದು ಬೇಡ. ಏರ್ ಫಿಲ್ಟರ್ ಬದಲಾವಣೆ, ಇಂಜೆಕ್ಟರುಗಳ ಶುದ್ಧಿ ಮತ್ತು ಪಂಪ್ ಹೊಂದಾಣಿಕೆಯಿಂದ ಅದು ಬಹಳಷ್ಟು ಬಾರಿ ಸರಿಯಾಗುತ್ತದೆ. ಮಾಲಿನ್ಯ ತಪಾಸಣೆಯಲ್ಲಿ ಬಿ.ಎಸ್.-4ಕ್ಕೆ ಹಿಂದಿನ ಡೀಸೆಲ್ ವಾಹನಗಳ ಹೊಗೆಗೆ 65 ಹಾರ್ಟ್ರಿಜ್ ಮಾನದ ಮಿತಿಯಿದ್ದರೆ, ಬಿ.ಎಸ್.-4ಕ್ಕೆ ಅದು 50. ಕಂಪ್ರೆಷನ್ ಅಳೆಸಿದಾಗ ನಾಲ್ಕೂ ಸಿಲಿಂಡರುಗಳಲ್ಲಿ ಸುಮಾರು ಒಂದೇ ಅಳತೆ ಬಂದು, ಆಯಿಲ್ ಖರ್ಚು ಸಹನೀಯವಾಗಿದ್ದರೆ ಎಂಜಿನ್ ಕೆಲಸವನ್ನು ಒಂದು ವರ್ಷ ಮುಂದೂಡಲು ಅಡ್ಡಿಯಿಲ್ಲ. ಗಾಡಿಯ ದುಡಿಮೆಯಿಂದಲೇ ಆ ಹಣ ಹುಟ್ಟಲಿ.

ಹಳೆಯ ಬಿಡಿಭಾಗಗಳಿಗೆ ಬೆಂಗಳೂರಿನ ಶಿವಾಜಿನಗರದ ಗುಜರಿ, ಹೊಸದಕ್ಕೆ ಜೆ.ಸಿ. ರಸ್ತೆ ಹೆಸರಾಗಿವೆ. ಬಾಗಿಲು, ಗಾಜು, ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಇಂಥವನ್ನು ಹಳೆಯದು ಕೊಂಡರೆ ಉಳಿತಾಯ ಉಂಟು. ಬ್ರೇಕ್ ಮತ್ತು ಸ್ಟೀರಿಂಗ್ ಭಾಗಗಳನ್ನು ಎಂದಿಗೂ ಹಳೆಯದು ಕೊಳ್ಳಬಾರದು. ಹಳೆಯ ಎಂಜಿನ್ ಕೂರಿಸುವುದಾದರೆ ಅದು ಬಂದ ಮೂಲದ ದಾಖಲೆ ಪಡೆದು, ಎಂಜಿನ್ ಸಂಖ್ಯೆಯ ಬದಲಾವಣೆಯನ್ನು ನೋಂದಣಿ ಪತ್ರದಲ್ಲಿ ನಮೂದಿಸಿಸಬೇಕು. ಅಗ್ಗಕ್ಕೆ ಸಿಕ್ಕ ಎಂಜಿನ್ ಕಳವು ಮಾಲೆಂದು ತಿಳಿದುಬಂದರೆ ವಿವರಣೆ ಕೊಡಬೇಕಾದವರು ಗಾಡಿಯ ಮಾಲೀಕರೇ.

ಬಿಲ್ಲು ಮತ್ತು ತೆರಿಗೆ

2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಜಿ.ಎಸ್.ಟಿ. ದರ ಶೇ. 18ಕ್ಕೆ ಇಳಿದಿದೆ. ಸರಕು ಸಾಗಣೆ ವಾಹನದ ರಿಪೇರಿ ಮತ್ತು ಬಿಡಿಭಾಗಗಳ ಮೇಲೆ ಕಟ್ಟಿದ ತೆರಿಗೆಗೆ, ಕಾರುಗಳಿಗಿರುವ ತಡೆ ಇಲ್ಲ. ತೆರಿಗೆ ವಿಧಿಸಬಹುದಾದ ವ್ಯವಹಾರಕ್ಕೆ ಗಾಡಿ ಬಳಸುವ ನೋಂದಾಯಿತ ವರ್ತಕರು ಹೂಡುವಳಿ ತೆರಿಗೆ ಜಮೆ ಪಡೆಯಬಹುದು. ಕಾಂಪೋಸಿಷನ್ ಯೋಜನೆಯವರಿಗೆ ಈ ಸೌಲಭ್ಯವಿಲ್ಲ. ಸಣ್ಣ ಗ್ಯಾರೇಜುಗಳಲ್ಲಿ ಅನೇಕವಕ್ಕೆ ಜಿ.ಎಸ್.ಟಿ. ನೋಂದಣಿ ಇರುವುದಿಲ್ಲವಾದ್ದರಿಂದ, ಬಿಡಿಭಾಗಗಳನ್ನು ಮಾಲೀಕರೇ ತಮ್ಮ ಸಂಸ್ಥೆಯ ಸಂಖ್ಯೆ ನಮೂದಿಸಿದ ಬಿಲ್ಲಿನೊಂದಿಗೆ ಅಂಗಡಿಯಿಂದ ತಂದು, ಗ್ಯಾರೇಜಿಗೆ ಮಜೂರಿ ಮಾತ್ರ ಕೊಡುವುದು ಲಾಭಕರ. ಹಾಗೆ ಮಾಡಿದಾಗ ನಕಲಿ ಮಾಲಿನ ಕಾಟವೂ ತಗ್ಗುತ್ತದೆ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿ ಮೀರಿ ನಗದು ಕೊಟ್ಟರೆ ಆದಾಯ ತೆರಿಗೆಯಲ್ಲಿ ಆ ವೆಚ್ಚ ಮಾನ್ಯವಾಗದೆಂಬುದನ್ನೂ ಲೆಕ್ಕಿಗರು ಮರೆಯಬಾರದು.

ತಪಾಸಣೆಗೆ ಹೋಗುವ ದಿನ

ವಿಮೆ, ತೆರಿಗೆ ರಸೀದಿ, ಮಾಲಿನ್ಯ ಪತ್ರ, ಅತಿ ಸುರಕ್ಷಿತ ನೋಂದಣಿ ಫಲಕ ಇವೆಲ್ಲ ಮೊದಲೇ ಸಿದ್ಧವಿರಲಿ. ಮುಂದೆ ಬಿಳಿ, ಹಿಂದೆ ಕೆಂಪು ಪ್ರತಿಫಲಕ ಪಟ್ಟಿ, ಉರಿಯುವ ಎಲ್ಲ ದೀಪ, ಹಾರನ್, ವೈಪರ್, ಕನ್ನಡಿ ಇವು ಅಲ್ಪ ಖರ್ಚಿನವು. ಇವುಗಳಿಂದಾಗಿಯೇ ಎರಡನೆಯ ಬಾರಿ ಅಲೆಯುವವರು ಕಡಿಮೆಯಿಲ್ಲ. ಒಟ್ಟು ತೂಕ 3,000 ಕಿ.ಗ್ರಾಂ. ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಕಿಲ್ಲ. ರಿಪೇರಿಯ ನೆಪದಲ್ಲಿ ತೊಟ್ಟಿಯ ಬದಿಗಳನ್ನು ಎತ್ತರಿಸುವುದು, ಸ್ಪ್ರಿಂಗಿಗೆ ಒಂದೆರಡು ಪ್ಲೇಟು ಹೆಚ್ಚಿಗೆ ಸೇರಿಸುವುದು ನಮ್ಮಲ್ಲಿ ರೂಢಿ. ಪ್ಲೇಟು ಹೆಚ್ಚಿಸಿದ ಮಾತ್ರಕ್ಕೆ ನೋಂದಣಿ ಪತ್ರದಲ್ಲಿನ ಹೊರೆಯ ಮಿತಿ ಹೆಚ್ಚುವುದಿಲ್ಲ, ಬ್ರೇಕಿನ ಶಕ್ತಿಯೂ ಹೆಚ್ಚುವುದಿಲ್ಲ. ಮಿತಿ ಮೀರಿದ ಹೊರೆಗೆ 2019ರ ತಿದ್ದುಪಡಿಯಂತೆ 20,000 ರೂಪಾಯಿ ದಂಡ, ಮೇಲೆ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ.

ಎಫ್.ಸಿ. ಕೈಗೆ ಬಂದ ಮೊದಲ ವಾರ ಅರ್ಧ ಹೊರೆಯಲ್ಲಿ, ಊರಿನ ಆಸುಪಾಸಿನಲ್ಲೇ ಗಾಡಿ ಓಡಲಿ. ನೂರು ಕಿ.ಮೀ. ಆದೊಡನೆ ಚಕ್ರದ ನಟ್ಟು ಮತ್ತು ಸ್ಪ್ರಿಂಗಿನ ಯು-ಬೋಲ್ಟುಗಳನ್ನು ಪುನಃ ಬಿಗಿಗೊಳಿಸಬೇಕು, ಬ್ರೇಕ್ ಆಯಿಲ್ ಮಟ್ಟ ನೋಡಬೇಕು, ಪ್ರತಿ ಬೆಳಿಗ್ಗೆ ಗಾಡಿ ನಿಂತ ಜಾಗದ ನೆಲದಲ್ಲಿ ಎಣ್ಣೆಯ ಕಲೆ ಬಿದ್ದಿದೆಯೇ ಎಂದು ಚಾಲಕ ಗಮನಿಸಬೇಕು. ಬಣ್ಣಕ್ಕೆಂದು ಹಣ ಉಳಿದಿದ್ದರೆ ಅದನ್ನು ಹಾಕಿಸಲು ಒಂದು ತಿಂಗಳ ನಂತರದ ಭಾನುವಾರ ಸಾಕು.